ಕೆಂಪು ಶಾಯಿಯ ತಾರೀಖು

ಖುರ್ದಾದ ೧೦, ಫಸಲಿ ೧೩೪೫

ಇಂದು ಮೂರು ರವಾನಾ ಚೀಟಿ ಬರೆದೆ. ಎರಡು ಕುಸುಬಿಯವು, ಒಂದು ಫರಸಿಯದು. ಎಲ್ಲಿಯೂ ಹೊಡೆದು ತಿದ್ದಿದ ಕಾಟು ಬೀಳಲಿಲ್ಲ. ಈ ಸುಂಕದ ನಾಕಾಕ್ಕೆ ವರ್ಗವಾಗಿ ಬಂದು ಏಳು ತಿಂಗಳಾಯಿತು. ಸಂಸ್ಥಾನದ ಸುಂಕದ ಇಲಾಖೆಯಾದ ಕರೋಡಗಿರಿಯ ಚೀಟಿ ಇಲ್ಲದೆ ಒಂದು ಕಲ್ಲೂ ಇಲ್ಲಿಂದ ಇಂಗ್ರೇಜಿ ಮುಲುಕಿಗೆ ದಾಟಿಲ್ಲ, ನಾನು ಬರೆದ ಒಂದು ಚೀಟಿಯೂ ತಪ್ಪೆಂದು ಮರಳಿ ಬಂದಿಲ್ಲ.

ಫರಸಿ ನಮ್ಮ ಹಿಂದಿನ ಓಣಿಯ ಖಾಜಾಮಿಯಾನದು. ಶಹಾಬಾದದ ಗಣಿಯ ಹಾಸುಗಲ್ಲು, ಆರುನೂರ ನಲವತ್ತು, ಒಂದು ವ್ಯಾಗನ್ನು. ರೈಲಿನಲ್ಲಿ ಮುಂಬಯಿಗೆ, ಅಲ್ಲಿಂದ ಹಾಯಿಹಡಗಿನಲ್ಲಿ ಕಾರವಾರದ ಕಡೆಯ ಒಂದು ಊರಿಗೆ. ಅಲ್ಲಿ ಯಾರೋ ಧರ್ಮಶಾಲೆ ಕಟ್ಟಿಸುತ್ತಿದ್ದಾರಂತೆ. ಖಾಜಾಮಿಯಾನ ತಮ್ಮ ಮಶಾಕ ಕಲ್ಲಿನ ಜೊತೆಗೇ ಹೋಗಿ, ಅಲ್ಲಿ ನೆಲ ಹಾಸಿ ಬರುತ್ತಾನೆ. ವೈಶಾಖದ ಆಗಿ ಹುಣ್ಣಿಮೆಯ ಮರುದಿನ ಹಡಗು ಬಿಡಬೇಕು. ಮಿರಗದ ಮಳೆ ಹತ್ತಿರ ಬಂದರೆ ಆ ಕಡಲಿನಲ್ಲಿ ಹಾಯಿ ಬಿಚ್ಚುವುದಿಲ್ಲವಂತೆ.

"ಮುನಷಿಯವರ, ತಾರೀಖಿನ ಬಾಜೂಕ ಇಂಗ್ರೇಜಿ ತಾರೀಖು ಒಂದು ಸಣ್ಣಂದು ಬರದು ಕೊಡ್ರಿ," ಎಂದ ಖಾಜಾಮಿಯಾ. "ಮುಂಬೈ ಬಂದರದ ಮಂದಿಗಿ ನಮ್ಮ ಫಸಲಿ ಲೆಕ್ಕದ ಖುರ್ದಾದ ತಿಳಿಯಂಗಿಲ್ಲ. ನಿಮಗಿಂತ ಮೊದಲಿದ್ದ ಕಲ್ಯಾಣಪ್ಪನೋರು ಕೆಂಪು ಶಾಯಿಲೆ ಬರದು ಕೊಡ್ತಿದ್ರು."

"ಚೀಟಿಯೊಳಗ ಅದಕ್ಕ ಖಾನೆ ಇಲ್ಲ," ಎಂದೆ. "ಖಾನೆ ಇಲ್ಲದ್ದು ಬರಿಯಾಕ ಬರಂಗಿಲ್ಲ."

"ಖಾನೆ ಇಲ್ಲಂದ್ರ ಜಾಗಾ ಅದಲ್ರಿ," ಎಂದು ಮಶಾಕ ಕಾಗದದ ಅಂಚಿಗೆ ಬೆರಳಿಟ್ಟ. "ನಿಮ್ಮ ಅಕ್ಷರ ಅಕ್ಕಿ ಕಾಳಿನಂಗ ಅವ. ಎರಡು ತಾರೀಖು ಆರಾಮ ಕುಂದ್ರತಾವ."

ಹಮಾಲರು ನಕ್ಕರು. ನಾನು ಅವನ ಬೆರಳಿನ ಗುರುತು ಚೀಟಿಗೆ ಅಂಟಿದೆಯೇ ಎಂದು ನೋಡಿದೆ. ಅಂಟಿರಲಿಲ್ಲ.

ಹೋಗುವಾಗ ಖಾಜಾಮಿಯಾ, "ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಬಚ್ಚಲಾ ಮಣ್ಣಿಂದದಂತಲ್ಲ, ಒಂದು ಫರಸಿ ಹಾಕಸ್ತೀವಿ," ಎಂದ.

ನನ್ನ ಮನೆಯ ಬಚ್ಚಲ ಎಂಥದೆಂದು ಇವನಿಗೆ ಹೇಗೆ ಗೊತ್ತು? ಚೀಟಿಗೆ ತಾರೀಖು ಕೇಳಿದ ಬಾಯಿಯಲ್ಲೇ ಕಲ್ಲಿನ ಮಾತು.

ಖುರ್ದಾದ ೧೧

ಸಂಜೆ ಮನೆಗೆ ಬಂದು ಕೈಕಾಲು ತೊಳೆಯಲು ಹೋದರೆ ಬಚ್ಚಲಿನಲ್ಲಿ ಕಲ್ಲು. ಮೂರು ಅಡಿಗೆ ಎರಡಡಿ, ನೀಲಿ ಛಾಯೆಯ ಫರಸಿ, ಸುತ್ತ ಗಚ್ಚು ಇನ್ನೂ ಹಸಿ. ಮಧ್ಯಾಹ್ನ ಮಶಾಕ ಬಂದು ತಾನೇ ಹಾಕಿ, ಒಂದು ತಂಬಿಗೆ ಮಜ್ಜಿಗೆ ಕುಡಿದು ಹೋದನಂತೆ.

ಮಹಾದೇವಮ್ಮ ಸಂತೋಷದಲ್ಲಿದ್ದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾಲ್ಕು ಊರು ತಿರುಗಿದ್ದೇವೆ. ಎಲ್ಲ ಕಡೆಯೂ ಕೆಸರಿನಲ್ಲೇ ನಿಂತು ಸ್ನಾನ ಮಾಡಿದ್ದಾಳೆ.

"ತಗಸು," ಎಂದೆ.

"ಅದು ಹಂಗಲ್ರಿ, ಅವಾ ಯಾಕ ಹಾಕ್ಯಾನಂದ್ರ..."

"ಕಾರಣ ಬ್ಯಾಡ. ಕಲ್ಲು ತಗಸು."

ಅವಳು ಒಳಗೆ ಹೋಗಿ ಹಾರೆ ತಂದು ನನ್ನ ಮುಂದೆ ಇಟ್ಟಳು. ನಾನೇ ತೆಗೆದೆ. ಗಚ್ಚು ಹಸಿಯಿದ್ದುದರಿಂದ ಸುಲಭವಾಗಿ ಬಂತು. ಕಲ್ಲನ್ನು ಹಿತ್ತಲ ಗೋಡೆಗೆ ಒರಗಿಸಿದ್ದೇನೆ. ಖಾಜಾಮಿಯಾ ಯಾವಾಗ ಬೇಕಾದರೂ ಒಯ್ಯಬಹುದು.

ಊಟವಾದ ಮೇಲೆ ಧಾರವಾಡದಿಂದ ತರಿಸಿದ ಅನುವಾದದ ಕಾದಂಬರಿ ಮೂವತ್ತು ಪುಟ ಓದಿದೆ. ಹಡಗಿನ ಕಥೆ. ಬಿರುಗಾಳಿಗೆ ಅನುವಾದಕರು ನಾಲ್ಕು ಪುಟ ಕೊಟ್ಟಿದ್ದಾರೆ. ಅವರು ಸಮುದ್ರ ನೋಡಿದ್ದಾರೋ ಇಲ್ಲವೋ, ನನಗಂತೂ ಹೋಲಿಸಿ ನೋಡುವ ದಾರಿಯಿಲ್ಲ.

ಖುರ್ದಾದ ೧೨

ನಾಕಾದ ಮೇಲಧಿಕಾರಿ ಅಮೀನ ಶಹಾಬುದ್ದೀನ ಸಾಹೇಬರು ಫರಸಿಯ ಚೀಟಿಗೆ ಸಹಿ ಹಾಕಿದರು. ವ್ಯಾಗನ್ನಿಗೆ ಮುದ್ರೆ ಬಿತ್ತು. ತಾರೀಖಿನ ಖಾನೆಯಲ್ಲಿ ಸಹಿಯ ದಿನ, ೧೨ ಖುರ್ದಾದ ೧೩೪೫ ಎಂದು ಬರೆದಿದ್ದೇನೆ. ಅಂಚು ಖಾಲಿ.

ಮಶಾಕ ಮುಂಬಯಿಯ ರೈಲಿಗೆ ಹೊರಟಿದ್ದ. ಹೆಗಲಿಗೆ ಉಳಿ, ಸುತ್ತಿಗೆ, ನೀರುಮಟ್ಟದ ಚೀಲ. ಚೀಟಿ ತೆಗೆದುಕೊಂಡು ಅಂಚನ್ನು ನೋಡಿ ಮಡಚಿಕೊಂಡ. ಕಲ್ಲು ತೆಗೆದದ್ದು ಅವನಿಗೆ ಆಗಲೇ ತಿಳಿದಿತ್ತು.

"ಹಾಕಿದ ಕಲ್ಲು ಯಾರೂ ಕಿತ್ತಿದ್ದಿಲ್ರಿ ಇಲ್ಲೀತನಕ," ಎಂದ. ನಗುತ್ತಲೇ ಅಂದ. "ಇರ್ಲಿ. ಹೊಳ್ಳಿ ಬಂದ ಮ್ಯಾಲ ಮತ್ತ ಹಾಕ್ತೀನಿ. ಅವತ್ತಿಗಿ ನಂದು ಯಾವ ಕಾಗದಾನೂ ನಿಮ್ಮ ಮುಂದ ಇರಲ್ಲ. ಆಗಂತೂ ನಡೀತದಲ್ಲ?"

"ಆಗ ನೋಡೋಣ," ಎಂದೆ.

"ಸಮುದ್ರ ನೋಡೀರೇನ್ರಿ ನೀವು?"

"ಇಲ್ಲ."

"ನಾನೂ ಇಲ್ಲ. ಹೆಂಗದ ಅಂತ ಬಂದು ಹೇಳ್ತೀನಿ."

ಖುರ್ದಾದ ೨೬

ಮಧ್ಯೆ ಬರೆಯುವಂಥದ್ದು ಏನೂ ಇರಲಿಲ್ಲ. ಅಮೀನ ಸಾಹೇಬರು ಮಗಳ ಮದುವೆಗೆಂದು ಚಿಂಚೋಳಿಗೆ ಹೋಗಿದ್ದಾರೆ. ಮುಂದಿನ ತೀರ ತಿಂಗಳ ಎಂಟಕ್ಕೆ ಮರಳುತ್ತಾರೆ.

ಇಂದು ಖಾಜಾಮಿಯಾ ಮಶಾಕನ ಕಾಗದ ಹಿಡಿದು ಬಂದ. ಓದಿ ಹೇಳಿದ. ಒಂದು ಬಂದರದಿಂದ ಇನ್ನೊಂದು ಬಂದರಕ್ಕೆ ದಂಡೆಗುಂಟ ಹೋಗುವ ದೇಶದ ಸರಕಿಗೆ ಸುಂಕವಿಲ್ಲ. ಆದರೆ ಅದು ಪರದೇಶದ ಹಡಗಿನಿಂದ ಇಳಿದದ್ದಲ್ಲ ಎಂದು ತೋರಿಸಲು ಒಳನಾಡಿನ ಚೀಟಿ ಬೇಕು, ಆ ಚೀಟಿ ಮೂವತ್ತು ದಿನದೊಳಗಿನದಾಗಿರಬೇಕು. ಬಂದರದ ಗುಮಾಸ್ತ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, 'ಖುರ್ದಾದ ಅಂದರೆ ಯಾವ ತಿಂಗಳು? ಸಾವಿರದ ಮುನ್ನೂರ ನಲವತ್ತೈದು ಅಂದರೆ ಆರುನೂರು ವರ್ಷದ ಹಿಂದಿನ ಚೀಟಿಯೇ?' ಎಂದು ಮರಳಿ ಕೊಟ್ಟಿದ್ದಾನೆ. ಚೀಟಿ ಕೊಟ್ಟ ನಾಕಾದಿಂದಲೇ ಮುದ್ರೆಯೊತ್ತಿದ ಒಂದು ಸಾಲು ತರಿಸು ಎಂದಿದ್ದಾನೆ.

ಹಡಗು ಕಾಯುತ್ತಿದೆ. ಕಲ್ಲು ಹಡಗಿನ ತಳಕ್ಕೆ ಹೋಗುವ ಸರಕು. ಅದು ಕುಳಿತ ಮೇಲೆಯೇ ಹಂಚು, ಖರ್ಜೂರ, ಬಟ್ಟೆಯ ಗಂಟು. ತಳದ ಭಾರವಿಲ್ಲದೆ ಹಡಗು ನೆಟ್ಟಗೆ ನಿಲ್ಲುವುದಿಲ್ಲ. ಕಲ್ಲನ್ನು ತನ್ನ ಪುಸ್ತಕದಲ್ಲಿ ಬರೆಸಿ ಮುದ್ರೆ ಹಾಕಿಸದೆ ಹಡಗಿನ ಯಜಮಾನ ತಾಂಡೇಲ ಅದನ್ನು ಏರಿಸಿಕೊಳ್ಳುವಂತಿಲ್ಲ.

"ಒಂದು ಸಾಲು ರೀ," ಎಂದ ಖಾಜಾಮಿಯಾ.

"ಒಂದು ಸಾಲಿಗೂ ಅಮೀನ ಸಾಹೇಬರ ಸಹಿ ಬೇಕು. ಅರ್ಜಿ ಕೊಡು, ಅವರು ಬಂದ ಕೂಡಲೇ ಮುಂದ ಇಡ್ತೀನಿ."

"ಅವರು ಬರೂದು ಹುಣ್ಣಿಮಿ ದಾಟಿದ ಮ್ಯಾಲ. ಕಲ್ಯಾಣಪ್ಪನೋರು ತಾವೇ..."

"ಕಲ್ಯಾಣಪ್ಪನೋರು ಮಾಡಿದ್ದು ಅವರ ಜವಾಬುದಾರಿ."

"ಹಂಗಾದ್ರ ಆ ಚೀಟಿದು ನಕಲು ನನ್ನ ಕೈಯಾಗ ಕೊಡ್ರಿ. ಚಿಂಚೋಳಿಗಿ ಹೋಗಿ ಸಾಹೇಬರ ಸಹಿ ತರ್ತೀನಿ. ಎರಡು ದಿನದಾಗ ತಿರುಗಿ ಬರ್ತೀನಿ."

"ನಾಕಾದ ನಕಲು ಹೊರಗ ಹೋಗಂಗಿಲ್ಲ."

ಅವನು ಅರ್ಜಿ ಬರೆಸಿ ಕೊಟ್ಟು ಹೋದ. ಬಂದ ಕಾಗದಗಳ ಆವಕ ಪುಸ್ತಕದಲ್ಲಿ ದಾಖಲು ಮಾಡಿದೆ.

ಮನೆಗೆ ಬಂದು ಎರಡೂ ಕಡೆಯ ತಾರೀಖು ಅಚ್ಚಾದ ಜಂತ್ರಿ ತೆಗೆದು ನೋಡಿದೆ. ೧೨ ಖುರ್ದಾದ ಎಂದರೆ ಏಪ್ರಿಲ್ ೧೬. ಒಂದು ಚೀಟಿಯಲ್ಲಿ ಹಾಗೆ ಬರೆದು ಕಾದಂಬರಿಯಲ್ಲಿ ಗುರುತಿಗೆ ಇಟ್ಟೆ. ಲೆಕ್ಕಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ತೀರ ೩

ಆಗಿ ಹುಣ್ಣಿಮೆ ಕಳೆದು ಎರಡು ದಿನವಾಯಿತು. ಬಂದರದಿಂದ ಬೇರೆ ಹಡಗುಗಳು ಹೊರಟವು ಎಂದು ಮಶಾಕ ತಾರು ಕೊಟ್ಟಿದ್ದಾನಂತೆ. ಇದನ್ನು ಹೇಳಿದ್ದು ಖಾಜಾಮಿಯಾ ಅಲ್ಲ, ಸ್ಟೇಶನ್ನಿನ ಅಂಬಾರಾಯ. ಖಾಜಾಮಿಯಾ ನಾಕಾದ ಮುಂದೆಯೇ ಹೋಗುತ್ತಾನೆ, ನಮಸ್ಕಾರ ಮಾಡುತ್ತಾನೆ, ಒಳಗೆ ಬರುವುದಿಲ್ಲ.

ಕಾದಂಬರಿ ಮುಂದೆ ಸಾಗಿಲ್ಲ. ಗುರುತಿನ ಚೀಟಿ ಇದ್ದಲ್ಲೇ ಇದೆ.

ತೀರ ೯ (ಮೇ ೧೪)

ಅಮೀನ ಸಾಹೇಬರು ನಿನ್ನೆ ಬರಬೇಕಿತ್ತು, ಇಂದು ಬಂದರು. ಅವರು ಕುಳಿತುಕೊಳ್ಳುವ ಮೊದಲೇ ಅರ್ಜಿ ಮುಂದೆ ಇಟ್ಟೆ. ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅವರು ಉರ್ದುವಿನಲ್ಲಿ ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ರೇವಣಸಿದ್ದಯ್ಯ, ಇಂಥ ತಾರೀಖಿಗೆ ಇಂಥ ತಾರೀಖು ಎಂದು ಹೇಳಲು ನನ್ನ ಸಹಿ ಯಾಕೆ? ಜಂತ್ರಿ ಅಚ್ಚು ಹಾಕಿದವನು ನನ್ನನ್ನು ಕೇಳಿ ಹಾಕಿದನೇ?"

"ನಿಯಮದಲ್ಲಿ ಇಲ್ಲ, ಸಾಹೇಬರೇ."

"ಬರೆಯಬಾರದು ಎಂದು ಇದೆಯೇ?"

ನಿಯಮದ ಪುಸ್ತಕ ತಂದೆ. ಖಾನೆಗಳನ್ನು ಹೇಗೆ ತುಂಬಬೇಕೆಂದು ಹದಿನಾಲ್ಕು ಕಲಮುಗಳಿವೆ. ಅಂಚಿನ ಬಗ್ಗೆ ಒಂದೂ ಇಲ್ಲ. ಪುಸ್ತಕ ನನಗೆ ಪೂರ್ತಿ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಒಂದು ಸಾಲು ಬರೆದೆ, ಅವರು ಸಹಿ ಹಾಕಿದರು, ಮುದ್ರೆಯೊತ್ತಿದೆ. ಮೂವತ್ತು ದಿನ ಮುಗಿಯುವುದು ನಾಡಿದ್ದು. ಇಲ್ಲಿಯ ಟಪಾಲಿನ ಡಬ್ಬಿ ಬೆಳಿಗ್ಗೆ ಮಾತ್ರ ತೆರೆಯುತ್ತದೆ. ಸಂಜೆ ತಿರುಗಾಟಕ್ಕೆಂದು ಹೊರಟವನು ಗೂಡ್ಸ್ ಗಾಡಿಯ ಗಾರ್ಡಿನ ಡಬ್ಬಿಯಲ್ಲಿ ಕುಳಿತು ವಾಡಿಯವರೆಗೆ ಹೋಗಿ, ಲಕೋಟೆಯನ್ನು ಮುಂಬಯಿ ಮೇಲ್ ರೈಲಿನ ಟಪಾಲು ಡಬ್ಬಿಯಲ್ಲೇ ಕೊಟ್ಟು ಬಂದೆ. ಗಾಳಿ ಚೆನ್ನಾಗಿತ್ತು.

ತೀರ ೧೭ (ಮೇ ೨೨)

ಖಾಜಾಮಿಯಾ ಬಹಳ ದಿನದ ಮೇಲೆ ನಾಕಾದ ಒಳಗೆ ಬಂದ. ಮಶಾಕನ ಕಾರ್ಡು ಬಂದಿದೆ. ನಿಂತೇ ಓದಿ ಹೇಳಿದ.

"ಕಾಗದ ಕಡೀ ದಿವಸ ಮುಟ್ಟಿತು. ಮುನಷಿಯವರಿಗಿ ಸಲಾಂ ಹೇಳು, ಅವರ ಏಪ್ರಿಲ್ ಮೇ ತಿಂಗಳದಾಗ ಬಂತು ಅಂತ ಹೇಳು. ಕಲ್ಲು ಏರಿಸೀವಿ. ಮೂರು ಒಡದಾವ, ಫಿಕರ್ ಮಾಡಬ್ಯಾಡ. ತಾಂಡೇಲ ಮಾರಿ ಗಂಟು ಹಾಕ್ಯಾನ, ತಡಾ ಆಯ್ತು ಅಂತಾನ. ನಾಳಿಗಿ ಬಿಡ್ತೀವಿ. ಸಮುದ್ರ ನೋಡಿದೆ. ಭಾಳ ದೊಡ್ಡದದ, ಆದ್ರ ಮಟ್ಟ ಇಲ್ಲ."

ಇನ್ನೊಮ್ಮೆ ಓದೆಂದೆ. ಓದಿದ. ಕಾರ್ಡಿನ ಮೇಲಿನ ತಾರೀಖು ಮೇ ೧೯.

"ಕುಂದ್ರು, ಚಾ ತರಸ್ತೀನಿ," ಎಂದೆ.

"ನಿಮ್ಮ ನಾಕಾದಾಗ ಚಾ ಕುಡದ್ರ ಯಾವ ಖಾನ್ಯಾಗ ಬರೀತೀರಿ?" ಎಂದ. ಆದರೂ ಕುಳಿತ.

ಮನೆಗೆ ಬಂದು ಮಹಾದೇವಮ್ಮನಿಗೆ ಕಾರ್ಡಿನ ವಿಷಯ ಹೇಳಿದೆ. ಕೇಳದೆಯೇ ನಾನಾಗಿ ಹೇಳಿದ್ದರಿಂದ ಅವಳು ಒಲೆಯ ಮುಂದಿನಿಂದ ತಿರುಗಿ ನೋಡಿದಳು.

ತೀರ ೨೪ (ಮೇ ೨೯)

ಬೆಳಗಿನಿಂದ ಪಡುವಣ ಗಾಳಿ. ನಾಕಾದ ಕಾಗದ ಹಾರದಂತೆ ಕಲ್ಲಿನ ಚೂರುಗಳನ್ನು ಹೇರಿದೆವು. ಮೂರು ದಿನದ ಹಿಂದಿನ ಪತ್ರಿಕೆ ಅಮೀನ ಸಾಹೇಬರ ಮೇಜಿನ ಮೇಲಿತ್ತು. ಪಡುವಣ ದಂಡೆಯಲ್ಲಿ ಅಕಾಲದ ಬಿರುಗಾಳಿ, ಕೆಲವು ನಾವೆಗಳ ಸುದ್ದಿಯಿಲ್ಲ. ಆರು ಸಾಲು. ಯಾವ ನಾವೆ ಎಂದು ಇಲ್ಲ.

ಹಡಗು ಮೇ ೭ಕ್ಕೆ ಬಿಟ್ಟಿದ್ದರೆ ಹತ್ತು ಹನ್ನೆರಡು ದಿನದ ದಾರಿ. ಈ ಹೊತ್ತಿಗೆ ಧರ್ಮಶಾಲೆಯ ಅರ್ಧ ನೆಲ ಆಗಿರುತ್ತಿತ್ತು.

ತೀರ ೨೬ (ಮೇ ೩೧)

ಸುದ್ದಿ ಇಲ್ಲ.

ತೀರ ೨೯ (ಜೂನ್ ೩)

ಇಲ್ಲ.

ಅಮರದಾದ ೨ (ಜೂನ್ ೭)

ಮಿರಗ ಕೂಡಿತು. ಮಧ್ಯಾಹ್ನ ಮೊದಲ ಮಳೆ. ಮಳೆಯಲ್ಲೇ ಖಾಜಾಮಿಯಾ ಬಂದ. ತಲೆಯ ಮೇಲಿನ ಟವೆಲ್ಲು ತೊಯ್ದು ಮುಖಕ್ಕೆ ಅಂಟಿತ್ತು. ಅಂಗಿಯ ಒಳಗಿನಿಂದ ಒಂದು ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟ. ಮರಾಠಿಯಲ್ಲಿತ್ತು. ದಂಡೆಯ ಮೇಲಿನ ಯಾವುದೋ ಸಣ್ಣ ಬಂದರದ ಕಚೇರಿ ಬರೆದದ್ದು. ಓದಲು ಬರದೆ ತಂದಿದ್ದನೋ, ಓದಿಸಿಕೊಂಡೇ ತಂದಿದ್ದನೋ ತಿಳಿಯಲಿಲ್ಲ. ಓದಿ ಹೇಳಿದೆ. ಮೇ ೨೪ರಂದು ಹಡಗು ಬಂಡೆಗೆ ಬಡಿದು ಒಡೆಯಿತು. ಇಬ್ಬರು ಖಲಾಸಿಗಳು ದಡ ಸೇರಿದ್ದಾರೆ. ತಾಂಡೇಲ, ಉಳಿದ ಖಲಾಸಿಗಳು, ಕಲ್ಲಿನ ಜೊತೆ ಇದ್ದ ಮನುಷ್ಯ ಸಿಕ್ಕಿಲ್ಲ. ಹಡಗಿನ ತಳದಲ್ಲಿ ಭಾರವಿದ್ದುದರಿಂದ ಬೇಗ ಮುಳುಗಿತು.

ಕೊನೆಯ ವಾಕ್ಯವನ್ನು ಓದಿ ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಕಾಗದದ ಸಾಲು ಬಿಟ್ಟು ಓದಿದ್ದು ಇದೇ ಮೊದಲು.

ಅವನು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ.

"ಒಂದು ಕೆಲಸ ಅದ್ರಿ ನಿಮ್ಮ ಕಡಿ," ಎಂದ. "ಮೇ ಇಪ್ಪತ್ನಾಕು ಅಂತಾರ. ನಮ್ಮ ಮಂದಿಗಿ ಅದು ತಿಳಿಯಂಗಿಲ್ಲ. ಮೌಲವಿಯವರು ಊರಾಗಿಲ್ಲ. ನಲವತ್ತನೇ ದಿನದ ಚಾಳೀಸವಾ ಯಾವತ್ತ ಮಾಡಬೇಕು ಅಂತ ಮಶಾಕನ ಹೇಣ್ತಿ ಕಮರುನ್ನೀಸಾ ಕೇಳಾಕತ್ತಾಳ. ನಮ್ಮ ಲೆಕ್ಕದಾಗ ಯಾವ ದಿವಸ ಬರ್ತದ, ಬರದು ಕೊಡ್ತೀರೇನು? ಅರ್ಜಿ ಬೇಕಾದ್ರ ಕೊಡ್ತೀನಿ."

ಅವನು ಕುಟುಕಲು ಅಂದದ್ದಲ್ಲ. ನಿಜವಾಗಿಯೂ ಅರ್ಜಿ ಬೇಕಾಗುತ್ತದೆ ಎಂದುಕೊಂಡಿದ್ದ.

ಜಂತ್ರಿ ತೆಗೆದೆ. ಮೇ ೨೪ ಎಂದರೆ ೧೯ ತೀರ. ನಲವತ್ತನೆಯ ದಿನ ೨೭ ಅಮರದಾದ. ಎರಡನ್ನೂ, ಪಕ್ಕಕ್ಕೆ ಇಂಗ್ರೇಜಿ ತಾರೀಖನ್ನೂ ಬರೆದೆ. ದವತಿಯಲ್ಲಿ ಲೇಖಣಿ ಅದ್ದುವಾಗ ನೋಡಿರಲಿಲ್ಲ, ಕೆಂಪು ಶಾಯಿ. ಹೊಸ ಕಾಗದದಲ್ಲಿ ಕಪ್ಪಿನಲ್ಲಿ ಬರೆಯಬೇಕೆಂದುಕೊಂಡೆ. ಅವನು ಅಷ್ಟರಲ್ಲಿ ಮಡಚಿ ಅಂಗಿಯೊಳಗೆ ಇಟ್ಟುಕೊಂಡಿದ್ದ.

"ನಿಮ್ಮ ಹಿತ್ತಲದಾಗಿನ ಕಲ್ಲು ನಾನು ಒಯ್ಯಂಗಿಲ್ರಿ," ಎಂದ, ಬಾಗಿಲಲ್ಲಿ ನಿಂತು. "ಅದು ನಂದಲ್ಲ, ನಿಮ್ಮ ಮನಿ ಅಮ್ಮೋರದು. ಪುಷ್ಯ ತಿಂಗಳದಾಗ ಕಮರುನ್ನೀಸಾನ ಹೆರಿಗಿ ಬ್ಯಾನಿ ಎರಡು ದಿವಸ ನಿಂತಿದ್ವು. ಅಮ್ಮೋರೇ ಗಾಡಿ ಹೂಡಿಸಿ ಚಿತ್ತಾಪುರದಿಂದ ಸೂಲಗಿತ್ತಿನ ಕರಿಸಿದ್ರು. ಅವತ್ತೇ ಮಶಾಕ, ಅಮ್ಮೋರ ಬಚ್ಚಲಾ ನಾ ಹಾಕ್ತೀನಿ ಅಂದಿದ್ದ. ನಾ ನಿಮ್ಮ ಮುಂದ ಆ ಮಾತು ಚೀಟಿ ಬರಿಯೋ ಹೊತ್ತಿನಾಗ ಆಡಬಾರದಿತ್ತು. ತಪ್ಪು ನಂದೇ."

ತಪ್ಪು ತನ್ನದೇ ಎಂದ. ನಿನ್ನದಲ್ಲ ಎಂದು ನಾನು ಅನ್ನಬೇಕಿತ್ತು. ಅವನು ಮಳೆಯಲ್ಲಿ ಹೋದ.

ಮನೆಯಲ್ಲಿ ಮಹಾದೇವಮ್ಮನನ್ನು ಕೇಳಿದೆ. "ಅವತ್ತು ಹೇಳಾಕ ಬಂದಿದ್ದಿ. ಯಾಕ ಹೇಳಲಿಲ್ಲ?"

"ಕಾರಣ ಬ್ಯಾಡ ಅಂದ್ರಿ," ಎಂದಳು. ಆಮೇಲೆ ತಲೆಯ ಮೇಲೆ ಸೆರಗು ಹೊದ್ದು ಹಿಂದಿನ ಓಣಿಗೆ ಹೋದಳು. ಕತ್ತಲಾದ ಮೇಲೆ ಬಂದಳು. ಕಣ್ಣು ಬಾತಿದ್ದವು. ನನಗೆ ಊಟ ನಾನೇ ಬಡಿಸಿಕೊಂಡಿದ್ದೆ. ಅವಳಿಗೂ ಬಡಿಸಿದೆ.

ಅಮರದಾದ ೧೧ (ಜೂನ್ ೧೬)

ಹೊರಹೋಗುವ ಚೀಟಿಗಳ ಅಂಚಿನಲ್ಲಿ ಇಂಗ್ರೇಜಿ ತಾರೀಖು ಬರೆಯುತ್ತಿದ್ದೇನೆ. ಯಾರೂ ಕೇಳಿಲ್ಲ. ಈಗ ಹಡಗು ಬಿಡುವ ಕಾಲವೂ ಅಲ್ಲ, ಫರಸಿಯೆಲ್ಲ ಸೊಲ್ಲಾಪುರದ ಕಡೆಗೆ ರೈಲಿನಲ್ಲೇ ಹೋಗುತ್ತದೆ. ಬರೆಯುವ ಅಗತ್ಯವೇ ಇಲ್ಲ. ಅಮೀನ ಸಾಹೇಬರು ಸಹಿ ಹಾಕುವಾಗ ಅಂಚನ್ನು ನೋಡುತ್ತಾರೆ.

ಕಾದಂಬರಿಯನ್ನು ಅಂಬಾರಾಯನಿಗೆ ಕೊಟ್ಟುಬಿಟ್ಟೆ. ಅವನು ಅರ್ಧ ದಾರಿ ಹೋಗಿ ಮರಳಿ ಬಂದು, "ಇದರಾಗ ನಿಮ್ಮ ಚೀಟಿ ಉಳದದ್ರಿ," ಎಂದು ಕೊಟ್ಟ. ೧೨ ಖುರ್ದಾದ, ಏಪ್ರಿಲ್ ೧೬. ಅದರ ಮೇಲೆ ಇಲ್ಲದ್ದು ಮುದ್ರೆ ಒಂದೇ. ಮುದ್ರೆ ನನ್ನ ಮೇಜಿನ ಖಾನೆಯಲ್ಲೇ ಇತ್ತು.

ಅಮರದಾದ ೨೭ (ಜುಲೈ ೨)

ಇಂದು ನಲವತ್ತನೆಯ ದಿನ. ರಜೆ ಹಾಕಿದೆ. ಕಾರಣದ ಖಾನೆಯಲ್ಲಿ 'ಮನೆಯ ಕೆಲಸ' ಎಂದು ಬರೆದೆ.

ಬೆಳಿಗ್ಗೆ ಹಿತ್ತಲ ಕಲ್ಲನ್ನು ಉರುಳಿಸಿಕೊಂಡು ಒಳಗೆ ತಂದೆ. ಗೋಡೆಯ ಕಡೆಗಿದ್ದ ಮೈಯಲ್ಲಿ ಉಳಿಯ ಗೀರುಗಳು. ಕೆಳಗೆ ಹೋಗುವ ಮೈ, ಯಾರೂ ನೋಡುವುದಿಲ್ಲ, ಆದರೂ ಒಂದರ ಪಕ್ಕಕ್ಕೆ ಒಂದು ಒಂದೇ ಅಳತೆ. ಸುಣ್ಣ, ಮರಳು ಕಲಸಿ ಹಾಸಿದೆ. ಮಧ್ಯಾಹ್ನದವರೆಗೂ ಹಿಡಿಯಿತು. ಬೆರಳು ಎರಡು ಕಡೆ ಜಜ್ಜಿದವು. ಮಹಾದೇವಮ್ಮ ಖಾಜಾಮಿಯಾನ ಮನೆಗೆ ಹೋಗಿದ್ದಳು. ನನ್ನನ್ನೂ ಕರೆದಿದ್ದರು, ಹೋಗಿ ಬಾಗಿಲಲ್ಲಿ ನಿಂತು ಬಂದೆ. ಕಮರುನ್ನೀಸಾ ಪರದೆಯ ಆಚೆ ಇದ್ದಳು. ಖಾಜಾಮಿಯಾ, "ಬಂದ್ರಲ್ಲ, ಬರ್ರಿ, ಕುಂದ್ರಿ," ಎಂದ. ಕುಳಿತುಕೊಳ್ಳಲಾಗಲಿಲ್ಲ.

ಸಂಜೆ ಮಹಾದೇವಮ್ಮ ಬಂದು ಬಚ್ಚಲ ನೋಡಿದಳು. ಒಂದು ತಂಬಿಗೆ ನೀರು ಹೊಯ್ದಳು. ನೀರು ಮೋರಿಯ ಕಡೆಗೆ ಹೋಗದೆ ಒಂದು ಮೂಲೆಗೆ ಹೋಗಿ ನಿಂತಿತು.

"ಅವಾ ಹಾಕಿದಾಗ ಒಂದು ಹನಿ ನಿಂತಿದ್ದಿಲ್ಲ," ಎಂದಳು.

ಅವತ್ತು ನಾನು ನೀರು ಹೊಯ್ದು ನೋಡಿರಲಿಲ್ಲ.

ಅವಳು ತಂಬಿಗೆ ಇಟ್ಟು ಒಳಗೆ ಹೋದಳು. ನಾನು ಕುಕ್ಕುರುಗಾಲಲ್ಲಿ ಕುಳಿತು ಮೂಲೆಯ ನೀರನ್ನು ಅಂಗೈಯಿಂದ ಮೋರಿಯ ಕಡೆಗೆ ಬಳಿದೆ. ಸ್ವಲ್ಪ ಹೋಯಿತು, ಸ್ವಲ್ಪ ಮರಳಿ ಬಂತು. ಮತ್ತೆ ಬಳಿದೆ.